ಹುಲ್ಲಿಗೊಂದು ಕಾವಲು

“ನಾವು ಹುಲ್ಲು ಕೀಳಾಕೆ ಕೂಲಿ ಕೊಡ್ತೀವಿ. ನೀನು ಹಾಕಾಕೆ ದುಡ್ಡು ಕೊಟ್ಟು ಬೀಜ ತಂದಿದೀಯಲ್ಲ, ನಿನ್ನ ಓದಿಗಿಷ್ಟು!”

ಚಿಕ್ಕಪ್ಪ ಹೀಗೆ ನಕ್ಕಾಗ ನನ್ನ ಎರಡೂ ಕೈ ಮೊಣಕೈತನಕ ಕೆಸರು. ಬಾಂಡ್ಲಿಯಲ್ಲಿ ಕೆಮ್ಮಣ್ಣು, ಸಗಣಿ, ಒಂದಿಷ್ಟು ಮರಳು. ಅದಕ್ಕೆ ಅಂಜನ್ ಹುಲ್ಲಿನ ಬೀಜ ಬೆರೆಸಿ ಗೋಲಿ ಗಾತ್ರದ ಉಂಡೆ ಕಟ್ಟುತ್ತಿದ್ದೆ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಅವನ ಮಾತಿಗೆ ಏನು ಉತ್ತರ ಕೊಡುವುದು? ಮೂರು ತಲೆಮಾರು ಈ ಹೊಲದಲ್ಲಿ ಕುಂಟೆ ಹೊಡೆದದ್ದೆಲ್ಲ ಹುಲ್ಲಿನ ಮೇಲಿನ ಸಿಟ್ಟಿಗೇ. ಹುಲ್ಲು ಅಂದರೆ ಕಳೆ, ಕಳೆ ಅಂದರೆ ಹುಲ್ಲು. ಎಲೆ ಅಗಲವಾಗಿ, ಬಿಳಿ ಹೂ ಬಿಡುವ ಪಾರ್ಥೇನಿಯಂ ಕೂಡ ನಮ್ಮ ಬಾಯಲ್ಲಿ ‘ಕಾಂಗ್ರೆಸ್ ಹುಲ್ಲು’.

ಹೊಲ ಇರುವುದು ಹಿರಿಯೂರು ಸೀಮೆಯ ಒಂದು ಮರಡಿಯ ಇಳಿಜಾರಿನಲ್ಲಿ. ಗೇಣುದ್ದ ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆ, ಅದೂ ಬಂದರೆ. ಅಪ್ಪನ ಕಾಲದಲ್ಲಿ ಸಜ್ಜೆ, ಹುರುಳಿ ಆಗುತ್ತಿತ್ತು. ಆಮೇಲೆ ಶೇಂಗಾ ಬಂತು. ಇಳಿಜಾರನ್ನು ಪ್ರತಿವರ್ಷ ಉತ್ತು, ಕಾಯಿ ಕೀಳುವಾಗ ಮತ್ತೆ ಮಣ್ಣು ಸಡಿಲಿಸಿ, ಹದಿನೈದು ಇಪ್ಪತ್ತು ವರ್ಷದಲ್ಲಿ ಮೇಲುಮಣ್ಣನ್ನೆಲ್ಲ ಕೆಳಗಿನ ಕಟ್ಟೆಗೆ ಕಳಿಸಿಬಿಟ್ಟೆವು. ಮಾರಿಕಣಿವೆ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಬಾಗಿನ ಹೊತ್ತು ಓಡಿತು. ನಾವೂ ಹೋಗಿ ನೋಡಿ ಬಂದೆವು. ಆದರೆ ಕಣಿವೆಯ ನೀರು ಮರಡಿ ಹತ್ತುವುದಿಲ್ಲ. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆಗ ಸರ್ಕಾರ ಹಂಚಿದ ಮೇವಿನ ಬೀಜದ ಕಿಟ್‌ಗಳೂ ನೀರಿದ್ದವರಿಗೇ ಹೋದವು. ಅದರಲ್ಲಿ ತಪ್ಪೇನಿಲ್ಲ. ಜೋಳ, ಮುಸುಕಿನ ಜೋಳದ ಬೀಜವನ್ನು ಬಂಡೆಯ ಮೇಲೆ ಎರಚಿ ಏನು ಮಾಡುವುದು?

ಅದಕ್ಕೂ ಮೊದಲು ನಾನೊಂದು ದಡ್ಡತನ ಮಾಡಿದ್ದೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಆಳೆತ್ತರ ಬೆಳೆಯುವ ‘ಸೂಪರ್ ನೇಪಿಯರ್’ ಕಡ್ಡಿ ತರಿಸಿ ಇಲ್ಲಿ ನೆಟ್ಟೆ. ನೇಪಿಯರ್ ಒಳ್ಳೆಯದೇ, ತೋಟದ ಕಾಲುವೆ ಬದಿಯಲ್ಲಿ. ಮರಡಿಯ ಮೇಲೆ ಅದು ಕಬ್ಬನ್ನು ಮರಳುಗಾಡಿಗೆ ಹೊತ್ತ ಹಾಗೆ. ಯುಗಾದಿ ಹೊತ್ತಿಗೆ ಒಲೆಗಾಯಿತು.

ಇಲ್ಲಿ ಮೊದಲು ಏನಿತ್ತು ಎಂದು ಹುಡುಕಲು ಹೊರಟದ್ದು ಆಮೇಲೆ. ದಬಡಘಾವ್ ಮತ್ತು ಶಂಕರನಾರಾಯಣ್ ಎಂಬ ಇಬ್ಬರು ದೇಶದ ಗುಡ್ಡ ಬಯಲುಗಳನ್ನೆಲ್ಲ ಸುತ್ತಿ, ಭಾರತದ ಹುಲ್ಲುಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿ 1973ರಲ್ಲಿ ಪುಸ್ತಕ ಮಾಡಿದರು. ಅವರ ಲೆಕ್ಕದಲ್ಲಿ ದಖ್ಖನ್ನಿನ ಒಣಭೂಮಿಯೆಲ್ಲ ಸೆಹಿಮಾ ಮತ್ತು ಮಾರ್ವೆಲ್ ಎಂಬ ಎರಡು ಬಗೆಯ ಬಹುವಾರ್ಷಿಕ ಹುಲ್ಲುಗಳ ಸೀಮೆ. ಮೇಯಿಸುವುದು ಹೆಚ್ಚಾದಂತೆ ಈ ಹುಲ್ಲುಗಳು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಮೊದಲು ರುಚಿಯಾದದ್ದು ಹೋಗುತ್ತದೆ. ಅದರ ಜಾಗಕ್ಕೆ ಪಂಚೆಗೆ ಚುಚ್ಚಿಕೊಳ್ಳುವ ಈಟಿಮೊನೆಯ ಹುಲ್ಲು ಬರುತ್ತದೆ. ಅದರ ಬೀಜ ತೇವ ತಗುಲಿದರೆ ಬಾಲ ತಿರುಚಿಕೊಂಡು ತಾನೇ ನೆಲಕ್ಕೆ ಸ್ಕ್ರೂ ಆಗುತ್ತದೆ, ಮಕ್ಕಳು ಎಂಜಲು ಹಚ್ಚಿ ತಿರುಗಿಸಿ ಆಡುತ್ತಾರೆ. ಅದೂ ಸೋತರೆ ಪೊರಕೆಗೆ ಬಳಸುವ ಹಂಚಿಕಡ್ಡಿ. ಅದರ ಮುಳ್ಳು ಕುರಿಯ ಕಣ್ಣಿಗೆ, ಉಣ್ಣೆಗೆ ಸೇರುತ್ತದೆ, ಬಾಯಿಗಲ್ಲ. ಕೊನೆಗೆ ಬಳ್ಳಾರಿ ಜಾಲಿ. ನಮ್ಮ ಮರಡಿ ಹಂಚಿಕಡ್ಡಿ ದಾಟಿ ಜಾಲಿಯ ಮೆಟ್ಟಿಲಲ್ಲಿ ಕಾಲಿಟ್ಟಿತ್ತು.

ಎಲ್ಲ ಗುಡ್ಡಕ್ಕೂ ಬೀಜ ಹಾಕಬೇಕಿಲ್ಲ. ಬೇಸಿಗೆಯಲ್ಲಿ ಹೋಗಿ ಹೆಜ್ಜೆ ಹಾಕಿ ನೋಡಬೇಕು. ನಾಲ್ಕಾರು ಹೆಜ್ಜೆಗೊಂದು ಹಳೆಯ ಹುಲ್ಲಿನ ಬುಡ ಕಾಲಿಗೆ ಎಡವಿದರೆ ಸುಮ್ಮನೆ ಎರಡು ವರ್ಷ ದನ ಬಿಡದಿದ್ದರೆ ಸಾಕು, ಅದೇ ಎದ್ದು ಬರುತ್ತದೆ. ಇಂಥ ಕಡೆ ಟ್ರ್ಯಾಕ್ಟರ್ ತಂದು ಉತ್ತು ಹೊಸ ಬೀಜ ಬಿತ್ತುವವರನ್ನು ಕಂಡರೆ ನನಗೆ ಸಂಕಟ. ಉತ್ತ ಭೂಮಿಯ ಕಥೆ ಬೇರೆ. ನಮ್ಮಲ್ಲಿ ಶೇಂಗಾ ಯಾವ ಬುಡವನ್ನೂ ಉಳಿಸಿರಲಿಲ್ಲ.

ಹಾಗಾದರೆ ಯಾವ ಹುಲ್ಲು? ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ನಮ್ಮ ಧಾರವಾಡದಲ್ಲೊಂದು ದಕ್ಷಿಣದ ಕೇಂದ್ರವಿದೆ. ಒಣ ಇಳಿಜಾರಿಗೆ ಯಾರನ್ನು ಕೇಳಿದರೂ ಬರುವ ಜೋಡಿ ಹೆಸರು ಅಂಜನ್ ಮತ್ತು ಸ್ಟೈಲೋ. ಅಂಜನ್ ಹುಲ್ಲು ರಾಜಸ್ಥಾನದ ಮರಳಿನಿಂದ ಕೊಂಗುನಾಡಿನ ಕುರಿಮೇವಿನ ಹೊಲಗಳವರೆಗೆ ಹಬ್ಬಿದೆ. ತಮಿಳರು ಕೊಳುಕ್ಕಟ್ಟೈ ಎನ್ನುತ್ತಾರೆ. ಬುಡ ಗೆಡ್ಡೆಯಂತೆ ಊದಿಕೊಂಡು ಬೇಸಿಗೆಗೆ ಬೇಕಾದದ್ದನ್ನು ಅಲ್ಲೇ ಕೂಡಿಟ್ಟುಕೊಳ್ಳುತ್ತದೆ. ಮಳೆ ಬಿದ್ದ ಮೂರನೇ ದಿನಕ್ಕೆ ಒಣಕಡ್ಡಿಯ ನಡುವೆ ಹಸಿರು ಗೀರು.

ಇದೇ ಹುಲ್ಲು ಪರದೇಶದಲ್ಲಿ ಪುಂಡ. ಕೆನ್ಯಾದ ತುರ್ಕಾನ ಪ್ರದೇಶದಿಂದ ಹೋದ ಬೀಜವನ್ನು ಅಮೆರಿಕದವರು 1946ರಲ್ಲಿ ಟೆಕ್ಸಾಸ್‌ನ ರೈತರಿಗೆ ಬಿಡುಗಡೆ ಮಾಡಿದರು. ಈಗ ಅರಿಜೋನಾದ ಮರುಭೂಮಿಯಲ್ಲಿ ಅದು ಹಬ್ಬಿ, ಬೆಂಕಿಯ ಪರಿಚಯವೇ ಇಲ್ಲದ ಆಳೆತ್ತರದ ಕಳ್ಳಿಗಳನ್ನು ಸುಡುತ್ತಿದೆ ಎಂದು ಅಲ್ಲಿ ಜನ ಗುದ್ದಲಿ ಹಿಡಿದು ಕೀಳುತ್ತಿದ್ದಾರೆ. ಚಿಕ್ಕಪ್ಪನಿಗೆ ಇದನ್ನು ಹೇಳಿದ್ದು ತಪ್ಪಾಯಿತು. “ನೋಡಿದ್ಯಾ, ಅಲ್ಲೂ ಕೀಳಾಕೇ ಕೂಲಿ!”

ಸ್ಟೈಲೋ ಹುಲ್ಲೇ ಅಲ್ಲ, ಅಲಸಂದೆ ಹುರುಳಿಗಳ ನೆಂಟ. ದಕ್ಷಿಣ ಅಮೆರಿಕ, ಕೆರಿಬಿಯನ್ ಕಡೆಯದು, ಆಸ್ಟ್ರೇಲಿಯಾದ ದಾರಿಯಲ್ಲಿ ಇಲ್ಲಿಗೆ ಬಂತು. ಆಸ್ಟ್ರೇಲಿಯಾದಲ್ಲಿ ಅದರ ಒಂದು ಜಾತಿಯನ್ನು 1970ರ ದಶಕದಲ್ಲಿ ಚಿಬ್ಬು ರೋಗ ಹೊಲಹೊಲವೇ ನುಂಗಿತು, ಆಮೇಲೆ ಅವರು ಹಮಾಟ, ಸ್ಕೇಬ್ರ ಎಂಬ ಬೇರೆ ಜಾತಿಗಳಿಗೆ ಹೊರಳಿದರು. ನಮಗೆ ಸಿಗುವುದೂ ಇವೇ. ಹಮಾಟ ಮೋಟು, ಬೇಗ ಬೀಜ ಉದುರಿಸಿ ಸಾಯುತ್ತದೆ, ಮರುವರ್ಷ ಬೀಜದಿಂದ ಏಳುತ್ತದೆ. ಸ್ಕೇಬ್ರ ಪೊದೆಯಂತೆ ನಿಂತು ಬೇರನ್ನು ಆಳಕ್ಕೆ ಇಳಿಸುತ್ತದೆ. ದೇಶಕ್ಕೆಲ್ಲ ಸ್ಟೈಲೋ ಬೀಜ ಒದಗಿಸುವ ಕಣಜ ದೂರವಿಲ್ಲ, ಪಾವಗಡದ ಗಡಿ ದಾಟಿದರೆ ಅನಂತಪುರ. ಅಲ್ಲಿನ ರೈತರು ಶೇಂಗಾದ ಹಾಗೆ ಇದನ್ನೂ ಬೆಳೆಯಾಗಿಯೇ ಬೆಳೆಯುತ್ತಾರೆ. ಬೀಜ ಮಾಗುತ್ತಲೇ ಉದುರಿಬಿಡುವುದರಿಂದ ಗಿಡ ಕೊಯ್ದು ಪಕ್ಕಕ್ಕಿಟ್ಟು, ಹೊಲವನ್ನೇ ಅಂಗಳದಂತೆ ಪೊರಕೆಯಿಂದ ಗುಡಿಸಿ, ಮಣ್ಣು ಕಲ್ಲು ಸಮೇತ ಬಾಚಿ, ಕೇರಿ ತೆಗೆಯುತ್ತಾರೆ. ಹೊಲ ಗುಡಿಸುವ ಒಕ್ಕಲುತನ ಬೇರೆಲ್ಲಾದರೂ ಇದೆಯೋ ಏನೋ.

ಜೋಡಿ ಏಕೆ ಬೇಕು ಎಂದರೆ, ಹಸು ಕುರಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಮೇವಿನಲ್ಲಿ ಶೇ 7ರಷ್ಟಾದರೂ ಪ್ರೋಟೀನ್ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಹೊಟ್ಟೆ ತುಂಬ ತಿಂದರೂ ಮೈ ಇಳಿಯುತ್ತದೆ. ಎಳೆಯ ಅಂಜನ್ ಈ ಗೆರೆಯನ್ನು ದಾಟುತ್ತದೆ, ಒಣಗಿ ನಿಂತದ್ದು ಅದರ ಅರ್ಧಕ್ಕೆ ಇಳಿಯುತ್ತದೆ. ಸ್ಟೈಲೋದಲ್ಲಿ ಶೇ 12ರಿಂದ 15. ಬೇಸಿಗೆಯಲ್ಲಿ ಒಣಹುಲ್ಲಿನ ಜೊತೆ ನಾಲ್ಕು ಎಳೆ ಸ್ಟೈಲೋ ಇದ್ದರೆ, ನಾವು ಮುದ್ದೆಗೆ ಸಾರು ಸುರಿದುಕೊಂಡ ಹಾಗೆ.

ಮೊದಲ ಬಿತ್ತನೆ ಪೂರಾ ನೀರಲ್ಲಿ ಹೋಯಿತು. ಸರಿಯಾಗಿ ಹೇಳಬೇಕೆಂದರೆ ಗಾಳಿಯಲ್ಲಿ ಹೋಯಿತು. ಅಂಜನ್ ಬೀಜಕ್ಕೆ ಸುತ್ತ ನವಿರು ಕೂದಲ ಕುಚ್ಚು. ಕೂರಿಗೆಯ ಬಟ್ಟಲಿಗೆ ಹಾಕಿದರೆ ಹತ್ತಿಯಂತೆ ಅಲ್ಲೇ ಗಂಟಾಗಿ ಕೂರುತ್ತದೆ, ಕೈಯಲ್ಲಿ ಎರಚಿದರೆ ಪಕ್ಕದ ಹೊಲಕ್ಕೆ. ಕರಪತ್ರದಲ್ಲಿ ‘ಮುಂಗಾರು ಆರಂಭದಲ್ಲಿ ಬಿತ್ತಿ’ ಎಂದಿತ್ತು, ಮೃಗಶಿರ ಮಳೆ ನಂಬಿ ಬಿತ್ತಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆರಿದ್ರಾ, ಪುನರ್ವಸುವಿನಲ್ಲಿ ಇಲ್ಲಿ ಬೀಸುವುದು ಗಾಳಿ, ಸುರಿಯುವುದು ಮೋಡದ ನೆರಳು. ನಮ್ಮ ನಂಬಿಕೆಯ ಮಳೆ ಉತ್ತರೆ, ಹಸ್ತ, ಚಿತ್ತೆ. ರಾಜ್ಯಕ್ಕೆಲ್ಲ ಒಂದೇ ಕರಪತ್ರ ಅಚ್ಚು ಹಾಕಿದರೆ ಹೀಗಾಗುತ್ತದೆ. ಆದರೆ ಚಿಕ್ಕಪ್ಪನಿಗೆ ಗೊತ್ತಿದ್ದ ಇದನ್ನು ನಾನು ಕೇಳಲಿಲ್ಲವಲ್ಲ, ಅದು ನನ್ನದೇ ತಪ್ಪು.

ಇನ್ನೊಂದು ಪೆಟ್ಟು ಬೀಜದ್ದೇ. ರಾಗಿ, ಶೇಂಗಾಕ್ಕೆ ನಾವು ಹೊಸ ಬೀಜ ಹುಡುಕುತ್ತೇವೆ. ಅದೇ ಬುದ್ಧಿಯಿಂದ ಮಾರುವವನನ್ನು ಕಾಡಿ, ಆ ವರ್ಷ ಕೊಯ್ದ ಬೀಜವನ್ನೇ ತಂದಿದ್ದೆ. ಅಂಜನ್ ಬೀಜ ಕೊಯ್ದ ಮೇಲೆ ಆರು ತಿಂಗಳಿಂದ ಒಂದು ವರ್ಷ ಮಲಗುತ್ತದೆ. ಅವಧಿಗೆ ಮುಂಚೆ ಎಬ್ಬಿಸಿದರೆ ಏಳುವುದಿಲ್ಲ. ಮಳೆ ತಪ್ಪಿದರೆ ಎಲ್ಲ ಒಟ್ಟಿಗೆ ಮೊಳೆತು ಸಾಯಬಾರದೆಂದು ಅದು ಮಾಡಿಕೊಂಡ ಉಪಾಯ. ಸ್ಟೈಲೋದ ಉಪಾಯ ಬೇರೆ, ಅದರ ಸಿಪ್ಪೆ ಕಲ್ಲು. 80 ಡಿಗ್ರಿ ಬಿಸಿನೀರಿನಲ್ಲಿ ಮೂರ್ನಾಲ್ಕು ನಿಮಿಷ ಅದ್ದಿ ತೆಗೆಯಬೇಕು, ಇಲ್ಲವೇ ಒರಟು ಮರಳಿನ ಜೊತೆ ಹಾಕಿ ಉಜ್ಜಬೇಕು.

ಎರಡನೇ ಸಲ ಮಘೆ ಮಳೆ ಮುಗಿಯುವ ಹೊತ್ತಿಗೆ ಬಿತ್ತಿದೆವು. ಅಷ್ಟರೊಳಗೆ ಇಳಿಜಾರಿಗೆ ಅಡ್ಡವಾಗಿ, ನೀರಿನ ಮಟ್ಟ ನೋಡಿಕೊಂಡು, ಹೊಲದಲ್ಲೇ ಬಿದ್ದಿದ್ದ ಕಲ್ಲುಗಳನ್ನು ಸಾಲು ಹಾಕಿದ್ದೆವು. ಒಂದೇ ಮಳೆಗೆ ಪ್ರತಿ ಸಾಲಿನ ಮೇಲ್ಬದಿಗೂ ನಾಲ್ಕು ಬೆರಳು ಮಣ್ಣು ಬಂದು ಕೂತಿತ್ತು. ಹೊಲವನ್ನು ಉಳಲಿಲ್ಲ, ಕುಂಟೆಯಲ್ಲಿ ಗೀರಿದೆವು, ಅಷ್ಟೆ. ಸಾಲಿನಿಂದ ಸಾಲಿಗೆ ಒಂದೂವರೆ ಮೊಳ ಬಿಟ್ಟು ಉಂಡೆ ಹಾಕಿ, ನಡುವೆ ಸ್ಟೈಲೋ ಎರಚಿ, ಮೇಲೆ ಜಾಲಿ ಮುಳ್ಳಿನ ಕೊಂಬೆ ಎಳೆದೆವು. ಬೆರಳಿನ ಉಗುರಿನಷ್ಟು ಮಣ್ಣು ಮುಚ್ಚಿದರೆ ಸಾಕು, ಅದಕ್ಕಿಂತ ಆಳಕ್ಕೆ ಹೋದರೆ ಮೊಳಕೆ ದಾರಿಯಲ್ಲೇ ಸುಸ್ತಾಗುತ್ತದೆ. ಕೊಂಬೆ ಎಳೆದದ್ದು ಚಿಕ್ಕಪ್ಪ. ಸಣ್ಣ ಬೀಜಕ್ಕೆ ಕೊಂಬೆ ಎಳೆಯುವುದು ಅವನ ಕೈಗೆ ಬಂದ ಕೆಲಸ, ಅದು ಹುಲ್ಲಿನ ಬೀಜ ಎಂಬುದನ್ನು ಆ ಹೊತ್ತಿಗೆ ಮರೆತಿದ್ದ.

ಹಸ್ತದಲ್ಲಿ ಎರಡು ಒಳ್ಳೆಯ ಮಳೆ. ಹೋಗಿ ನೋಡಿದರೆ ಬೋಳು. ಮಂಡಿಯೂರಿ ನೋಡಿದಾಗ ಸೂಜಿಯಂಥ ಎಲೆಗಳು, ಗೇಣಿಗೊಂದು. ಅದರ ಹತ್ತರಷ್ಟು ಕಳೆ. ದೀಪಾವಳಿಗೂ ಅಷ್ಟೇ ಎತ್ತರ. ಮೊದಲ ವರ್ಷ ಈ ಹುಲ್ಲು ಮೇಲಕ್ಕೆ ಬೆಳೆಯುವುದಿಲ್ಲ, ಕೆಳಕ್ಕೆ ಬೆಳೆಯುತ್ತದೆ. ಕುತೂಹಲ ತಡೆಯದೆ ಒಂದು ಬುಡ ಅಗೆದೆ. ಮೇಲೆ ಬೆರಳುದ್ದದ ಎಲೆ, ಕೆಳಗೆ ಮೊಳದುದ್ದ ಬೇರು ಗರಸಿನ ಸಂದಿಗೆ ಇಳಿದಿತ್ತು. ಒಣಭೂಮಿಯ ಹುಲ್ಲು ಬೆಳೆಸುವ ಕೆಲಸ ಹೆಚ್ಚಾಗಿ ಸೋಲುವುದು ಇಲ್ಲೇ. ‘ಏನೂ ಬಂದಿಲ್ಲ’ ಎಂದು ಜನವರಿಯಲ್ಲಿ ಕುರಿ ಬಿಡುತ್ತಾರೆ, ಇಲ್ಲವೇ ಮತ್ತೆ ಉಳುತ್ತಾರೆ.

ಎಲೆ ಮೇಯ್ದರೆ ಬೇರಿಗೇನು ಎಂದು ಕೇಳಬಹುದು. ಅಮೆರಿಕದ ಕೃಷಿ ಇಲಾಖೆಯ ಫ್ರಾಂಕ್ಲಿನ್ ಕ್ರೈಡರ್ ಎಂಬಾತ ಹುಲ್ಲನ್ನು ಬೇರೆ ಬೇರೆ ಎತ್ತರಕ್ಕೆ ಕತ್ತರಿಸಿ ಬೇರನ್ನು ಗಮನಿಸಿ 1955ರಲ್ಲಿ ವರದಿ ಬರೆದ. ಅರ್ಧದಷ್ಟು ಎಲೆ ತೆಗೆದರೆ ಬೇರಿಗೆ ಹೆಚ್ಚೇನೂ ಆಗುವುದಿಲ್ಲ. ನೂರಕ್ಕೆ 80ರಷ್ಟು ತೆಗೆದರೆ ಬೇರು ಹನ್ನೆರಡು ದಿನ ಬೆಳೆಯುವುದನ್ನೇ ನಿಲ್ಲಿಸುತ್ತದೆ. ವಾರಕ್ಕೊಮ್ಮೆ ಬಂದು ಬುಡದತನಕ ಮೇಯುವ ಮೇಕೆಯ ಮುಂದೆ ಆ ಹುಲ್ಲಿಗೆ ಬೇರು ಇಳಿಸುವ ದಿನವೇ ಸಿಗುವುದಿಲ್ಲ.

ಹಾಗಾಗಿ ಬೀಜಕ್ಕಿಂತ ದೊಡ್ಡ ಪ್ರಶ್ನೆ ಬೇಲಿಯದು. ಹುಲ್ಲುಗಾವಲು ಎಂಬ ಮಾತನ್ನು ಬಿಡಿಸಿ ನೋಡಿದರೆ ಹುಲ್ಲು, ಕಾವಲು. ಈ ಎರಡನೆಯ ಪದವನ್ನು ನಾವು ಉಚ್ಚರಿಸುತ್ತೇವೆ, ಕೇಳಿಸಿಕೊಳ್ಳುವುದಿಲ್ಲ. ಮೈಸೂರು ಸೀಮೆಯಲ್ಲಿ ಕಾವಲು ಎಂದರೇ ಹುಲ್ಲುಭೂಮಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗಾಗಿ ಕಾದಿಟ್ಟ ಕಾವಲುಗಳು ನಮ್ಮ ಜಿಲ್ಲೆಯಿಂದ ಹಾಸನ, ಚಿಕ್ಕಮಗಳೂರಿನತನಕ ಹರಡಿದ್ದವು. ಅವುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆ. ದನ ಒಂದರಿಂದ ಇನ್ನೊಂದಕ್ಕೆ ಹೋದಾಗ ಹಿಂದಿನದಕ್ಕೆ ತಿಂಗಳುಗಟ್ಟಲೆ ಬಿಡುವು. ಕ್ರೈಡರ್ ಕತ್ತರಿ ಹಿಡಿದು ಕಂಡುಕೊಂಡದ್ದು ಇಲ್ಲಿನ ದನಗಾಹಿಗಳ ಪಂಚಾಂಗದಲ್ಲಿ ಆಗಲೇ ಇತ್ತು. ಈಗ ಆ ಕಾವಲುಗಳಲ್ಲಿ ಬಹುಪಾಲು ಹೊಲವೋ ನೆಡುತೋಪೋ ಆಗಿವೆ. ಚಳ್ಳಕೆರೆಯಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳ ಗೋಡೆಯೊಳಗೆ ಸೇರಿತು. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಬರ ಬಂದಾಗ ಮೇವಿಗಾಗಿ ದಾನಿಗಳ ಮುಖ ನೋಡುತ್ತಾರೆ.

ಇನ್ನುಳಿದದ್ದು ಗೋಮಾಳ. 1966ರ ಭೂಕಂದಾಯ ನಿಯಮದಂತೆ ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಒಮ್ಮೆ ಕೂತು ಲೆಕ್ಕ ಹಾಕಿದೆ. 30 ಎಕರೆ ಅಂದರೆ 12 ಹೆಕ್ಟೇರು. ಹಾಳುಬಿದ್ದ ಗೋಮಾಳದಲ್ಲಿ ಹೆಕ್ಟೇರಿಗೆ ಒಂದು ಟನ್ ಒಣಹುಲ್ಲು ಸಿಕ್ಕರೆ ಪುಣ್ಯ. ಅರ್ಧ ಮೇಯಿಸಿ ಅರ್ಧ ಬಿಟ್ಟರೆ ಆರು ಟನ್. ನೂರು ದನಕ್ಕೆ ದಿನಕ್ಕೆ ಆರು ಕಿಲೋದಂತೆ 600 ಕಿಲೋ. ಹತ್ತೇ ದಿನ! ಚೆನ್ನಾಗಿ ಬೇರೂರಿದ ಅಂಜನ್, ಸ್ಟೈಲೋ ಇದ್ದು ಹೆಕ್ಟೇರಿಗೆ ನಾಲ್ಕು ಟನ್ ಬಂದರೆ ನಲವತ್ತು ದಿನ. ನಿಯಮ ಮಾಡಿದವರಿಗೆ ಹೊಲದ ಸಪ್ಪೆ, ಹುಲ್ಲಿನ ಬಣವೆ ಇದ್ದೇ ಇರುತ್ತದೆ ಎಂಬ ಧೈರ್ಯವಿತ್ತು. ಶೇಂಗಾ, ಅಡಿಕೆ, ದಾಳಿಂಬೆ ಬಂದ ಮೇಲೆ ಬಣವೆಯೇ ಇಲ್ಲ. ಆದರೂ ಆ ನಲವತ್ತು ದಿನ ಕಡಿಮೆಯಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ದನ ಸಂತೆಗೆ ಹೋಗುವುದೂ ಕೊಟ್ಟಿಗೆಯಲ್ಲಿ ಉಳಿಯುವುದೂ ತೀರ್ಮಾನವಾಗುವುದು ಅಷ್ಟೇ ದಿನಗಳಲ್ಲಿ.

ಬೇಲಿ ಹಾಕದೆ ಗುಡ್ಡ ಕಾದ ಊರೊಂದಿದೆ, ಹರಿಯಾಣದ ಶಿವಾಲಿಕ ಗುಡ್ಡಗಳ ಸುಖೋಮಾಜ್ರಿ. ಚಂಡೀಗಢದ ಸುಖನಾ ಸರೋವರಕ್ಕೆ ಹೂಳು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಮಣ್ಣು ಸಂರಕ್ಷಣೆಯ ವಿಜ್ಞಾನಿ ಪಿ.ಆರ್. ಮಿಶ್ರಾ 1970ರ ದಶಕದಲ್ಲಿ ಆ ಊರಿಗೆ ಹೋದರು. ಗುಡ್ಡದಲ್ಲಿ ಸಣ್ಣ ಕಟ್ಟೆಗಳಾದವು. ಕಟ್ಟೆಯ ನೀರಿನಲ್ಲಿ ಭೂಮಿ ಇಲ್ಲದವರಿಗೂ ಸೇರಿ ಪ್ರತಿ ಮನೆಗೂ ಪಾಲು ಎಂದಾಯಿತು. ಪ್ರತಿಯಾಗಿ ಯಾರೂ ಗುಡ್ಡಕ್ಕೆ ದನ ಬಿಡುವಂತಿಲ್ಲ. ಅವರು ಅದನ್ನು ಸಾಮಾಜಿಕ ಬೇಲಿ ಎಂದರು. ಗುಡ್ಡದಲ್ಲಿ ಭಬ್ಬರ್ ಹುಲ್ಲು ಎದ್ದು, ಕಾಗದದ ಕಾರ್ಖಾನೆಗೆ ಮಾರುವಷ್ಟಾಯಿತು. ಯಾರಿಗೆ ಹುಲ್ಲು ನಿಲ್ಲಿಸುತ್ತೇವೋ ಅವರಿಗೆ ಬೇರೇನನ್ನಾದರೂ ಕೊಡಬೇಕು ಎಂಬುದು ಅಲ್ಲಿ ಮಾತಾಗಿತ್ತು.

ನಮ್ಮಲ್ಲಿ ಆಗಿರಲಿಲ್ಲ. ಪುಷ್ಯ ಮಾಸದ ಒಂದು ಬೆಳಗ್ಗೆ ಹೋದರೆ ಮುಳ್ಳುಬೇಲಿ ಒಂದು ಕಡೆ ಸರಿದಿದೆ, ಮೂಲೆಯ ಹತ್ತು ಸಾಲು ಬುಡಸಮೇತ ಇಲ್ಲ. ಹಿಕ್ಕೆ ಇನ್ನೂ ಹಸಿ. ಯಾರೆಂದು ನನಗೂ ಚಿಕ್ಕಪ್ಪನಿಗೂ ಗೊತ್ತು. ಅರವತ್ತು ಕುರಿ ಇಟ್ಟುಕೊಂಡ ಹುಡುಗ, ಚಿಕ್ಕಪ್ಪನನ್ನು ‘ದೊಡ್ಡಪ್ಪ’ ಎನ್ನುವವನು. ನಾನು ಬಯ್ಯಲು ಬಾಯಿ ತೆರೆಯುವ ಮೊದಲೇ ಅವನೇ ಎದುರಿಗೆ ಬಂದ.

“ತಪ್ಪಾಯ್ತು ದೊಡ್ಡಪ್ಪ. ಆದ್ರೆ ಆ ಕಡೆ ಕಾಂಪೌಂಡ್ ಹಾಕ್ಯಾರೆ, ಈ ಕಡೆ ಸೋಲಾರ್ ಬಂತು, ಗುಡ್ಡಕ್ಕೆ ಫಾರೆಸ್ಟಿನೋರು ಬಿಡಲ್ಲ. ನಾನು ಎಲ್ಲಿಗೆ ಹೊಡ್ಕೊಂಡು ಹೋಗ್ಲಿ ಹೇಳು?”

ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಇಬ್ಬರೂ ಬೀಡಿ ಹಚ್ಚಿಕೊಂಡು ಕರಾರು ಮಾಡಿಕೊಂಡರು. ನನ್ನನ್ನು ಕೇಳಲಿಲ್ಲ. ಇನ್ನೊಂದು ಮಳೆಗಾಲ ಕಳೆದು, ಬೀಜ ಉದುರುವತನಕ ಅವನು ಒಳಗೆ ಕಾಲಿಡಬಾರದು, ಬೇರೆಯವರ ಮೇಕೆ ಬಂದರೆ ಓಡಿಸುವುದೂ ಅವನ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಒಂದು ತಿಂಗಳು ಅವನ ಮಂದೆ ಇಲ್ಲೇ ಮೇಯ್ದು, ಇಲ್ಲೇ ತರುಬಬೇಕು. ಗೊಬ್ಬರ ನಮಗೆ, ಮೇವು ಅವನಿಗೆ. ಕಾವಲಿಗೆ ಕಳ್ಳನನ್ನೇ ಇಟ್ಟ ಹಾಗಾಯಿತು ಎಂದು ನಾನು ಗೊಣಗಿದೆ. ಹಾಗೆ ಇಟ್ಟದ್ದೇ ನಿಂತಿತು.

ಎರಡನೇ ಮಳೆಗಾಲದಲ್ಲಿ ಅಂಜನ್ ಮೊಣಕಾಲು ದಾಟಿತು. ನೇರಳೆ ಬಣ್ಣ ಬೆರೆತ ತೆನೆ ಗಾಳಿಗೆ ಬಾಗುವಾಗ ಮರಡಿಯೇ ಉಸಿರಾಡಿದಂತೆ ಕಾಣುತ್ತಿತ್ತು. ಆರು ಬೆರಳು ಬುಡ ಬಿಟ್ಟು ಒಮ್ಮೆ ಕೊಯ್ದೆವು. ಮೂರೆಕರೆಯಲ್ಲಿ ಬಂದ ಮೇವನ್ನು ತೂಕ ಹಾಕಲು ನಮ್ಮಲ್ಲಿ ತಕ್ಕಡಿಯಿರಲಿಲ್ಲ, ಚಿಕ್ಕಪ್ಪನ ಎರಡು ಎಮ್ಮೆ ಶಿವರಾತ್ರಿಯತನಕ ತಿಂದವು ಎಂಬುದೇ ಅಳತೆ. ಶೇಂಗಾ ಬಿಟ್ಟು ಹುಲ್ಲು ಹಾಕಿ ಎಂದು ಯಾರಿಗಾದರೂ ಹೇಳುವಷ್ಟು ಲಾಭವೇನೂ ಅಲ್ಲ. ಆದರೆ ಬಿತ್ತನೆ ಬೀಜಕ್ಕೆ ಸಾಲ ಮಾಡಿ, ಆಕಾಶ ನೋಡಿ, ಕೈಸುಟ್ಟುಕೊಳ್ಳುವ ವರ್ಷ ಅದಾಗಲಿಲ್ಲ. ಕೆಳಗಿನ ಕಟ್ಟೆಗೆ ಇಳಿಯುವ ನೀರು ಕೆಂಪಾಗಿರಲಿಲ್ಲ ಎಂಬುದನ್ನು ಚಿಕ್ಕಮ್ಮ ಮೊದಲು ಗಮನಿಸಿದಳು, ಬಟ್ಟೆ ಒಗೆಯಲು ಹೋದಾಗ.

ಮಂದೆ ಬಂದು ಮೇಯ್ದು ಹೋಯಿತು. ಆಮೇಲಿನ ಮಳೆಗಾಲದಲ್ಲಿ ಒಂದು ಸಂಜೆ ನಾನೂ ಚಿಕ್ಕಪ್ಪನೂ ಹುಡುಗನ ರೊಪ್ಪದ ಕಡೆ ನಡೆದು ಹೋಗುತ್ತಿದ್ದೆವು. ಗೋಮಾಳದ ದಾರಿಯುದ್ದಕ್ಕೂ, ಕುರಿ ಹಿಕ್ಕೆ ಬಿದ್ದ ಕಡೆಯೆಲ್ಲ, ಚಿಕ್ಕ ಹಳದಿ ಹೂವಿನ ಸ್ಟೈಲೋ ಸಸಿಗಳು. ಕಲ್ಲಿನಂಥ ಆ ಸಿಪ್ಪೆ ಕುರಿಯ ಹೊಟ್ಟೆಯನ್ನೂ ದಾಟಿ ಬಂದಿತ್ತು, ಬಿಸಿನೀರಿನ ಕೆಲಸವನ್ನು ಕುರಿಯೇ ಮಾಡಿತ್ತು. ಯಾರ ಹೊಲವೂ ಅಲ್ಲ, ಯಾರ ಕರಾರೂ ಇಲ್ಲ.

ಚಿಕ್ಕಪ್ಪ ಒಂದರ ಮುಂದೆ ನಿಂತ. ಬಗ್ಗಿ ನೋಡಿದ. ಪಕ್ಕದಲ್ಲಿ ಬಿದ್ದಿದ್ದ ಜಾಲಿಕೊಂಬೆಯನ್ನು ಚಪ್ಪಲಿಗಾಲಿನಿಂದ ಎಳೆದು ಅದರ ಮೇಲೆ ಹೊದಿಸಿ, ಏನೂ ಮಾತಾಡದೆ ಮುಂದೆ ನಡೆದ.